ಹಿತ್ತಲಿನಿಂದ ಆಕಾಶದ ಫೋಟೋ: ಮೊದಲು ಮೌಂಟ್, ಆಮೇಲೆ ಟೆಲಿಸ್ಕೋಪ್

"ಆಕಾಶದ ಫೋಟೋ ತೆಗೀಬೇಕು, ಯಾವ ಟೆಲಿಸ್ಕೋಪ್ ಕೊಳ್ಳಲಿ?" ಈ ಹವ್ಯಾಸ ಶುರು ಮಾಡುವವರು ಹೆಚ್ಚಾಗಿ ಮೊದಲು ಕೇಳುವುದು ಇದನ್ನೇ. "ಆದಷ್ಟು ದೊಡ್ಡದು ಕೊಳ್ಳಿ" ಅನ್ನುವ ಉತ್ತರವೂ ಬೇಗ ಸಿಗುತ್ತದೆ. ಕಣ್ಣಿಟ್ಟು ನೋಡುವವರಿಗೆ ಆ ಉತ್ತರ ಸರಿ. ಫೋಟೋ ತೆಗೆಯುವವರ ಲೆಕ್ಕ ಬೇರೆ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕು ಕೂಡಿಸಿಕೊಳ್ಳುತ್ತದೆ. ಅಷ್ಟು ಹೊತ್ತೂ ನಕ್ಷತ್ರದ ಬೆಳಕು ಸೆನ್ಸರಿನ ಒಂದೇ ಜಾಗದ ಮೇಲೆ ಬೀಳುತ್ತಿರಬೇಕು. ಆ ಕೆಲಸ ಮಾಡುವುದು ಟೆಲಿಸ್ಕೋಪ್ ಅಲ್ಲ, ಅದನ್ನು ಹೊತ್ತು ನಿಧಾನಕ್ಕೆ ತಿರುಗಿಸುವ ಮೌಂಟ್.

ಹಾಗಾಗಿ ಹಣ ಎಷ್ಟೇ ಇರಲಿ, ಅದರ ದೊಡ್ಡ ಪಾಲು ಮೌಂಟಿಗೆ ಹೋಗಬೇಕು. ಯಾಕೆ ಅಂತ ಮುಂದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೂ ಮೊದಲು ತೀರ್ಮಾನ ಮಾಡಬೇಕಾದ ಒಂದು ವಿಷಯ ಇದೆ.

ಹೆಜ್ಜೆ 1: ಏನನ್ನು ತೆಗೆಯುತ್ತೀರಿ?

ಆಕಾಶದ ಫೋಟೋಗ್ರಫಿಯಲ್ಲಿ ಎರಡು ದಾರಿಗಳಿವೆ. ಒಂದು ಚಂದ್ರ ಮತ್ತು ಗ್ರಹಗಳದ್ದು. ಇನ್ನೊಂದು ನೀಹಾರಿಕೆ, ಗ್ಯಾಲಕ್ಸಿ, ನಕ್ಷತ್ರಗುಚ್ಛಗಳದ್ದು. ಇದನ್ನು ಡೀಪ್ ಸ್ಕೈ ಅಂತಾರೆ. ಎರಡಕ್ಕೂ ಒಂದೇ ಸಲಕರಣೆ ಚೆನ್ನಾಗಿ ಒದಗುವುದಿಲ್ಲ.

ಗ್ರಹಗಳು ಬೆಳಗುತ್ತವೆ, ಆದರೆ ತುಂಬ ಪುಟ್ಟವು. ಗುರು ಗ್ರಹ ಹತ್ತಿರ ಇರುವಾಗಲೂ ಅದರ ಅಗಲ 50 ಆರ್ಕ್ ಸೆಕೆಂಡ್ ದಾಟುವುದು ಅಪರೂಪ. ಒಂದು ಡಿಗ್ರಿಯಲ್ಲಿ 3600 ಆರ್ಕ್ ಸೆಕೆಂಡ್‌ಗಳಿವೆ. ಹುಣ್ಣಿಮೆ ಚಂದ್ರನ ಅಗಲ ಸುಮಾರು ಅರ್ಧ ಡಿಗ್ರಿ, ಅಂದರೆ 1800 ಆರ್ಕ್ ಸೆಕೆಂಡ್. ಗುರುವಿನ ಪಟ್ಟೆಗಳು ಕಾಣಬೇಕಾದರೆ ಅಗಲವಾದ ಕನ್ನಡಿ ಬೇಕು, ಉದ್ದದ ಫೋಕಲ್ ಲೆಂತ್ (ಚಿತ್ರ ಎಷ್ಟು ಹಿಗ್ಗುತ್ತದೆ ಅನ್ನುವುದನ್ನು ತೀರ್ಮಾನಿಸುವ ಅಳತೆ) ಬೇಕು.

ಡೀಪ್ ಸ್ಕೈ ಇದಕ್ಕೆ ತದ್ವಿರುದ್ಧ. ಅಲ್ಲಿನ ವಸ್ತುಗಳು ಮಂಕು, ಆದರೆ ಎಷ್ಟೋ ಸಲ ತುಂಬ ದೊಡ್ಡವು. ಆಂಡ್ರೋಮಿಡಾ ಗ್ಯಾಲಕ್ಸಿ ಸುಮಾರು 3 ಡಿಗ್ರಿ ಉದ್ದ ಇದೆ. ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು! ಕಣ್ಣಿಗೆ ಅದರ ನಡುಭಾಗ ಮಾತ್ರ ಮಬ್ಬಾಗಿ ಕಾಣುವುದರಿಂದ ಈ ಗಾತ್ರ ನಮಗೆ ಅಂದಾಜಿಗೆ ಸಿಗುವುದಿಲ್ಲ. ಕೃತ್ತಿಕೆ ಸುಮಾರು 2 ಡಿಗ್ರಿ, ಓರಿಯನ್ ನೀಹಾರಿಕೆ ಸುಮಾರು 1 ಡಿಗ್ರಿ. ಇವುಗಳಿಗೆ ಬೇಕಾದದ್ದು ಹೆಚ್ಚು ಹೊತ್ತಿನ ಎಕ್ಸ್‌ಪೋಶರ್. ಹೆಚ್ಚು ಹಿಗ್ಗಿಸಿದರೆ ಅವು ಚೌಕಟ್ಟಿನಲ್ಲೇ ಹಿಡಿಸುವುದಿಲ್ಲ.

ಗ್ರಹಗಳೇ ನಿಮ್ಮ ಆಸೆಯಾದರೆ ಕೆಲಸ ಒಂದು ರೀತಿಯಲ್ಲಿ ಸುಲಭ. 150ರಿಂದ 200 ಮಿ.ಮೀ. ಅಗಲದ ನ್ಯೂಟೋನಿಯನ್, ಮಕ್ಸುಟೊವ್ ಅಥವಾ ಶ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪ್ (ಮೂರೂ ಕನ್ನಡಿ ಬಳಸುವ ಬಗೆಗಳು), ಜೊತೆಗೆ ವೇಗವಾಗಿ ವಿಡಿಯೋ ತೆಗೆಯುವ ಸಣ್ಣ ಗ್ರಹ ಕ್ಯಾಮೆರಾ ಸಾಕು. ಒಂದೊಂದು ಫ್ರೇಮ್ ಸೆಕೆಂಡಿನ ನೂರನೇ ಒಂದು ಭಾಗದಷ್ಟೇ ಇರುವುದರಿಂದ ಮೌಂಟ್ ಸ್ವಲ್ಪ ಅತ್ತಿತ್ತ ಆದರೂ ತೊಂದರೆ ಇಲ್ಲ. ಸಾವಿರಾರು ಫ್ರೇಮ್ ತೆಗೆದು, ಗಾಳಿ ಶಾಂತವಾಗಿದ್ದ ಕ್ಷಣದ ಫ್ರೇಮ್‌ಗಳನ್ನಷ್ಟೇ ಆರಿಸಿ ಕೂಡಿಸುತ್ತಾರೆ. ಗುರು ಹತ್ತು ಗಂಟೆಗೂ ಕಡಿಮೆ ಸಮಯದಲ್ಲಿ ಒಂದು ಸುತ್ತು ತಿರುಗಿಬಿಡುತ್ತದೆ. ಅದಕ್ಕೇ ಒಂದು ವಿಡಿಯೋವನ್ನು ಎರಡು ಮೂರು ನಿಮಿಷಕ್ಕೆ ನಿಲ್ಲಿಸುವುದು ಒಳ್ಳೆಯದು. ಇಲ್ಲದಿದ್ದರೆ ಮೇಲ್ಮೈ ವಿವರಗಳು ಕಲಸಿಹೋಗುತ್ತವೆ. ಮಂಗಳ ನಮಗೆ ಹತ್ತಿರ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಆ ಕೆಲವು ವಾರಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಮುಂದಿನ ಹೆಜ್ಜೆಗಳೆಲ್ಲ ಹೆಚ್ಚಾಗಿ ಡೀಪ್ ಸ್ಕೈ ಬಗ್ಗೆ. ಸಲಕರಣೆಯ ಗೊಂದಲ ಜಾಸ್ತಿ ಇರುವುದು ಅಲ್ಲೇ.

ಹೆಜ್ಜೆ 2: ಮೌಂಟ್

ಭೂಮಿ ತಿರುಗುವುದರಿಂದ ನಕ್ಷತ್ರಗಳು ಒಂದು ಸೆಕೆಂಡಿಗೆ 15 ಆರ್ಕ್ ಸೆಕೆಂಡಿನಷ್ಟು ಸರಿಯುತ್ತವೆ. ಇನ್ನು ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಎಷ್ಟು ಆಕಾಶ ನೋಡುತ್ತದೆ ಅಂತ ಲೆಕ್ಕ ಹಾಕೋಣ. ಸೂತ್ರ ಸರಳ: ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ಬರೆದು 206 ರಿಂದ ಗುಣಿಸಿ, ಮಿ.ಮೀ. ಲೆಕ್ಕದ ಫೋಕಲ್ ಲೆಂತ್‌ನಿಂದ ಭಾಗಿಸಿ. ಈಗಿನ ಹಲವು ಕ್ಯಾಮೆರಾಗಳ ಪಿಕ್ಸೆಲ್ 3.76 ಮೈಕ್ರಾನ್. 400 ಮಿ.ಮೀ. ಟೆಲಿಸ್ಕೋಪ್ ಜೊತೆ ಒಂದು ಪಿಕ್ಸೆಲ್‌ಗೆ ಸುಮಾರು 1.9 ಆರ್ಕ್ ಸೆಕೆಂಡ್ ಬರುತ್ತದೆ. ಅಂದರೆ ಮೌಂಟ್ ತಿರುಗದೆ ನಿಂತರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ಸುಮಾರು 8 ಪಿಕ್ಸೆಲ್ ಉದ್ದದ ಗೆರೆಯಾಗುತ್ತದೆ. ಅದೇ ಕ್ಯಾಮೆರಾವನ್ನು 2000 ಮಿ.ಮೀ. ಟೆಲಿಸ್ಕೋಪ್‌ಗೆ ಹಾಕಿದರೆ 39 ಪಿಕ್ಸೆಲ್!

ಮೂರು ನಿಮಿಷದ ಎಕ್ಸ್‌ಪೋಶರ್‌ನಲ್ಲಿ ಆಕಾಶ 2700 ಆರ್ಕ್ ಸೆಕೆಂಡ್ ಸರಿದಿರುತ್ತದೆ. ಅಷ್ಟು ಹೊತ್ತೂ ಮೌಂಟ್ ಒಂದು ಪಿಕ್ಸೆಲ್‌ನಷ್ಟೂ ತಪ್ಪದೆ ಹಿಂಬಾಲಿಸಬೇಕು. ಇದು ಗಡಿಯಾರ ಮಾಡುವವರ ಮಟ್ಟದ ನಿಖರತೆ. ಫೋಕಲ್ ಲೆಂತ್ ಹೆಚ್ಚಿದಂತೆ ಈ ಪರೀಕ್ಷೆ ಕಠಿಣವಾಗುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಸೆಟ್‌ಗೆ ಒಳ್ಳೆಯ ಮೌಂಟ್ ಮತ್ತು ಚಿಕ್ಕ ಫೋಕಲ್ ಲೆಂತ್ ಅನ್ನುವುದು ನನ್ನ ಖಚಿತ ಸಲಹೆ.

ಈ ತಿಳಿವಳಿಕೆ ಹೊಸದೇನಲ್ಲ. ಓರಿಯನ್ ನೀಹಾರಿಕೆಯ ಮೊದಲ ಫೋಟೋವನ್ನು ಅಮೆರಿಕದ ಹವ್ಯಾಸಿ ಖಗೋಳಜ್ಞ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು ತೆಗೆದರು. ಅದು ಸುಮಾರು 50 ನಿಮಿಷದ ಎಕ್ಸ್‌ಪೋಶರ್. 1883ರಲ್ಲಿ ಆಂಡ್ರೂ ಐನ್ಸ್ಲಿ ಕಾಮನ್ ಎಂಬ ಎಂಜಿನಿಯರ್ ಅದೇ ನೀಹಾರಿಕೆಯನ್ನು ಇನ್ನೂ ಚೆನ್ನಾಗಿ ಹಿಡಿದರು. ಕಣ್ಣಿಗೆ ಕಾಣದ ನಕ್ಷತ್ರಗಳೂ ಆ ಫೋಟೋದಲ್ಲಿ ಮೂಡಿದವು. ಕಾಮನ್ ಕೆಲಸ ಮಾಡಿದ್ದು ಲಂಡನ್ನಿನ ಈಲಿಂಗ್‌ನಲ್ಲಿ, ತಮ್ಮ ಮನೆಯ ತೋಟದಲ್ಲಿ. ಅವರ 36 ಇಂಚಿನ ಟೆಲಿಸ್ಕೋಪ್ ಎಷ್ಟು ನಯವಾಗಿ ತಿರುಗಬೇಕಿತ್ತೆಂದರೆ, ಮೌಂಟಿನ ಮುಖ್ಯ ಅಕ್ಷವನ್ನು ಪಾದರಸದಲ್ಲಿ ತೇಲಿಸಿದ್ದರು. ಹಿತ್ತಲಿನ ಫೋಟೋಗ್ರಫಿಯ ಹುಟ್ಟೇ ಮೌಂಟಿನ ಚಿಂತೆಯಿಂದ ಆದದ್ದು.

ಈಗ ಆಯ್ಕೆಗೆ ಬರೋಣ. ಮೇಲೆ-ಕೆಳಗೆ, ಎಡ-ಬಲ ತಿರುಗುವ ಮೌಂಟಿಗೆ ಆಲ್ಟ್-ಆಜ್ ಅಂತ ಹೆಸರು. ಮೋಟಾರ್ ಇದ್ದರೂ ಇದರಲ್ಲಿ ಒಂದು ಕೊರತೆ ಇದೆ. ನಕ್ಷತ್ರ ನಡುವಿನಲ್ಲೇ ಇದ್ದರೂ ಇಡೀ ಚಿತ್ರ ನಿಧಾನಕ್ಕೆ ಸುತ್ತುತ್ತದೆ, ಅಂಚಿನ ನಕ್ಷತ್ರಗಳು ಬಿಲ್ಲಿನಂತೆ ಬಾಗುತ್ತವೆ. ಸೆಕೆಂಡುಗಳ ಲೆಕ್ಕದ ಎಕ್ಸ್‌ಪೋಶರ್‌ಗೆ ಸರಿ, ನಿಮಿಷಗಳಿಗೆ ಆಗದು. ಡೀಪ್ ಸ್ಕೈಗೆ ಈಕ್ವಟೋರಿಯಲ್ ಮೌಂಟ್ ಬೇಕು. ಇದರ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸುತ್ತೇವೆ. ಆಮೇಲೆ ಒಂದೇ ಮೋಟಾರ್ ಒಂದೇ ವೇಗದಲ್ಲಿ ತಿರುಗಿದರೆ ಸಾಕು.

ಇದರಲ್ಲೇ ಮೂರು ಬಗೆ ಸಿಗುತ್ತವೆ. ಕ್ಯಾಮೆರಾ ಮತ್ತು ಲೆನ್ಸ್ ಮಾತ್ರ ಹೊರುವ ಪುಟ್ಟ ಸ್ಟಾರ್ ಟ್ರ್ಯಾಕರ್ ಒಂದು. ತೂಕದ ಗುಂಡು ಹಾಕಿ ಸಮತೋಲ ಮಾಡುವ ಜರ್ಮನ್ ಈಕ್ವಟೋರಿಯಲ್ ಮೌಂಟ್ ಎರಡನೆಯದು. ಹಾರ್ಮೋನಿಕ್ ಗೇರ್ ಇರುವ ಹೊಸ ಬಗೆಯ ಹಗುರ ಮೌಂಟ್ ಮೂರನೆಯದು. ಹಾರ್ಮೋನಿಕ್ ಮೌಂಟ್‌ಗೆ ಸಾಮಾನ್ಯವಾಗಿ ಗುಂಡು ಬೇಡ, ಒಂದು ಕೈಯಲ್ಲಿ ಎತ್ತಿ ಹೊರಗಿಡಬಹುದು. ಆದರೆ ಅದರ ಗೇರಿನ ಏರಿಳಿತ ಜಾಸ್ತಿ, ಹಾಗಾಗಿ ಗೈಡಿಂಗ್ (ಇನ್ನೊಂದು ಪುಟ್ಟ ಕ್ಯಾಮೆರಾದಿಂದ ನೋಡಿ ಮೌಂಟಿನ ತಪ್ಪು ತಿದ್ದುವುದು, ಹೆಜ್ಜೆ 5 ನೋಡಿ) ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಗುಂಡು ಹಾಕುವ ಮೌಂಟ್ ಕೊಳ್ಳುವಾಗ ಕಂಪನಿ ಹೇಳುವ ತೂಕವನ್ನು ಹಾಗೇ ನಂಬಬೇಡಿ. ಆ ಅಂಕಿ ಹೆಚ್ಚಾಗಿ ಕಣ್ಣಿನ ವೀಕ್ಷಣೆಗೆ ಹೊಂದುವಂಥದ್ದು. ಫೋಟೋಗೆ ಅದರ ಅರ್ಧದಿಂದ ಮೂರನೇ ಎರಡು ಭಾಗ ಮಾತ್ರ ಹೊರಿಸಿ. ಟೆಲಿಸ್ಕೋಪ್, ಕ್ಯಾಮೆರಾ, ಗೈಡ್ ಸ್ಕೋಪ್, ಕೇಬಲ್ ಎಲ್ಲ ಸೇರಿಸಿ ತೂಕ ಹಾಕಿ ನೋಡಿ.

ಹೆಜ್ಜೆ 3: ಟೆಲಿಸ್ಕೋಪ್

ನಿಮ್ಮಲ್ಲಿ ಆಗಲೇ ಲೆನ್ಸ್ ಬದಲಿಸುವ ಕ್ಯಾಮೆರಾ ಇದೆಯಾ? ಹಾಗಾದರೆ ಟೆಲಿಸ್ಕೋಪ್ ಈಗಲೇ ಬೇಡ. 135 ಅಥವಾ 200 ಮಿ.ಮೀ. ಲೆನ್ಸ್ ಮತ್ತು ಒಂದು ಸ್ಟಾರ್ ಟ್ರ್ಯಾಕರ್‌ನಿಂದ ಆಂಡ್ರೋಮಿಡಾ, ಕೃತ್ತಿಕೆ, ಓರಿಯನ್ ಸುತ್ತಲಿನ ಪ್ರದೇಶ ಎಲ್ಲ ಚೆನ್ನಾಗಿ ಬರುತ್ತವೆ. ಲೆನ್ಸಿನ ದ್ವಾರವನ್ನು ಪೂರ್ತಿ ತೆರೆಯದೆ ಒಂದು ಹಂತ ಕಿರಿದು ಮಾಡಿ, ಅಂಚಿನ ನಕ್ಷತ್ರಗಳು ಗುಂಡಗಾಗುತ್ತವೆ.

ಟೆಲಿಸ್ಕೋಪ್ ಕೊಳ್ಳುವುದಾದರೆ 60ರಿಂದ 80 ಮಿ.ಮೀ. ಅಗಲ, 350ರಿಂದ 480 ಮಿ.ಮೀ. ಫೋಕಲ್ ಲೆಂತ್ ಇರುವ ಸಣ್ಣ ಅಪೋಕ್ರೊಮ್ಯಾಟಿಕ್ ರಿಫ್ರಾಕ್ಟರ್ (ಕನ್ನಡಿಯ ಬದಲು ಲೆನ್ಸ್ ಇರುವ ಟೆಲಿಸ್ಕೋಪ್) ಮೊದಲಿಗೆ ಒಳ್ಳೆಯದು. ನೋಡುವುದಕ್ಕೆ ಚಿಕ್ಕದು, ಅಲ್ವಾ? ಆದರೆ 400 ಮಿ.ಮೀ. ಟೆಲಿಸ್ಕೋಪ್‌ಗೆ ಹಲವು ಡಿಎಸ್ಎಲ್ಆರ್ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಗಾತ್ರದ ಸೆನ್ಸರ್ ಹಾಕಿದರೆ ಸುಮಾರು 3.4 ಡಿಗ್ರಿ ಅಗಲ, 2.2 ಡಿಗ್ರಿ ಎತ್ತರದ ಆಕಾಶ ಸಿಗುತ್ತದೆ. ಇಡೀ ಆಂಡ್ರೋಮಿಡಾ ಅದರಲ್ಲಿ ಕೂರುತ್ತದೆ. 2000 ಮಿ.ಮೀ. ಟೆಲಿಸ್ಕೋಪ್‌ನಲ್ಲಿ ಅದೇ ಸೆನ್ಸರ್‌ಗೆ ಪೂರ್ಣ ಚಂದ್ರನೂ ಹಿಡಿಸುವುದಿಲ್ಲ. ಸಣ್ಣ ರಿಫ್ರಾಕ್ಟರ್‌ನ ಇನ್ನೊಂದು ಅನುಕೂಲ: ಕನ್ನಡಿ ಹೊಂದಿಸುವ ಕೆಲಸವೇ ಇಲ್ಲ. ಗಾಳಿಗೆ ಅಲುಗುವುದೂ ಕಡಿಮೆ.

ಅಪೋಕ್ರೊಮ್ಯಾಟಿಕ್ ಅನ್ನುವ ಮಾತು ಮುಖ್ಯ. ಬಣ್ಣಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ತರುವ ಲೆನ್ಸ್ ಅಂತ ಅರ್ಥ. ಸಾಧಾರಣ ಅಕ್ರೊಮ್ಯಾಟಿಕ್ ಲೆನ್ಸ್ ಎಲ್ಲ ಬಣ್ಣಗಳನ್ನು ಒಂದೇ ಜಾಗದಲ್ಲಿ ಫೋಕಸ್ ಮಾಡುವುದಿಲ್ಲ. ಹೊಳೆಯುವ ನಕ್ಷತ್ರಗಳ ಸುತ್ತ ನೀಲಿ-ನೇರಳೆ ಪ್ರಭೆ ಉಳಿಯುತ್ತದೆ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ತೆಗೆಯಲು ಆಗುವುದಿಲ್ಲ.

ಸಾಮಾನ್ಯ ರಿಫ್ರಾಕ್ಟರ್ ಜೊತೆ ಫೀಲ್ಡ್ ಫ್ಲಾಟ್ನರ್ ಎಂಬ ಹೆಚ್ಚುವರಿ ಲೆನ್ಸ್ ಕೂಡ ಬೇಕಾಗುತ್ತದೆ. ಇಲ್ಲದಿದ್ದರೆ ಮೂಲೆಗಳಲ್ಲಿ ನಕ್ಷತ್ರಗಳು ಎಳೆದಂತೆ ಕಾಣುತ್ತವೆ. ಬಹಳಷ್ಟು ಫ್ಲಾಟ್ನರ್‌ಗಳು ಸೆನ್ಸರ್ ತಮ್ಮಿಂದ 55 ಮಿ.ಮೀ. ದೂರದಲ್ಲಿರಬೇಕು ಅಂತ ಕೇಳುತ್ತವೆ. ಮೂಲೆ ಸರಿ ಬರದಿದ್ದರೆ ಫ್ಲಾಟ್ನರನ್ನು ಬೈಯುವ ಮೊದಲು ಆ ದೂರ ಅಳೆದು ನೋಡಿ, ಅರ್ಧ ಮಿ.ಮೀ. ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

150 ಮಿ.ಮೀ. ಎಫ್/4 ಅಥವಾ ಎಫ್/5 ನ್ಯೂಟೋನಿಯನ್ ಎರಡನೆಯ ಒಳ್ಳೆಯ ಆಯ್ಕೆ. ಫೋಕಲ್ ಲೆಂತನ್ನು ಅಗಲದಿಂದ ಭಾಗಿಸಿದರೆ ಬರುವುದೇ ಈ ಎಫ್ ಸಂಖ್ಯೆ. ಅದೇ ಹಣಕ್ಕೆ ಹೆಚ್ಚು ಬೆಳಕು. ಎಫ್/4 ಸಲಕರಣೆ ಎಫ್/8ಕ್ಕಿಂತ ನಾಲ್ಕರಲ್ಲಿ ಒಂದು ಪಾಲು ಸಮಯದಲ್ಲಿ ನೀಹಾರಿಕೆಯ ಬೆಳಕನ್ನು ಪಿಕ್ಸೆಲ್‌ಗೆ ತುಂಬಿಸುತ್ತದೆ. ಆದರೆ ಅಂಚಿನ ನಕ್ಷತ್ರಗಳಿಗೆ ಬಾಲ ಬರದಂತೆ ತಡೆಯುವ ಕೋಮಾ ಕರೆಕ್ಟರ್ ಬೇಕು, ಕನ್ನಡಿಗಳನ್ನು ಆಗಾಗ ಹೊಂದಿಸಬೇಕು, ಅಗಲದ ಕೊಳವೆ ಗಾಳಿಗೆ ಪಟದಂತೆ ಸಿಕ್ಕಿಕೊಳ್ಳುತ್ತದೆ. ಸ್ಕ್ರೂ ತಿರುಗಿಸಿ ಹೊಂದಿಸುವುದು ಇಷ್ಟ ಇದ್ದವರಿಗೆ ನಾನು ಇದನ್ನು ಸಂತೋಷದಿಂದ ಹೇಳುತ್ತೇನೆ. ಎಫ್/10 ಶ್ಮಿಟ್-ಕ್ಯಾಸೆಗ್ರೇನ್ ಮಾತ್ರ ಮೊದಲ ಡೀಪ್ ಸ್ಕೈ ಟೆಲಿಸ್ಕೋಪ್ ಆಗುವುದು ಬೇಡ.

ಹೆಜ್ಜೆ 4: ಕ್ಯಾಮೆರಾ

ನಿಮ್ಮ ಡಿಎಸ್ಎಲ್ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಶುರುವಿಗೆ ಸಾಕು. ಅದರ ಒಂದು ಮಿತಿ ಮಾತ್ರ ತಿಳಿದಿರಲಿ. ಹೈಡ್ರೋಜನ್ ಅನಿಲದ ನೀಹಾರಿಕೆಗಳು ಹೊಮ್ಮಿಸುವ ಗಾಢ ಕೆಂಪು ಬೆಳಕು 656.3 ನ್ಯಾನೊಮೀಟರ್ ತರಂಗದ್ದು. ಸಾಮಾನ್ಯ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್ ಅದರ ಬಹುಪಾಲನ್ನು ತಡೆದುಬಿಡುತ್ತದೆ. ಹಾಗಾಗಿ ಗ್ಯಾಲಕ್ಸಿ, ನಕ್ಷತ್ರಗುಚ್ಛ ಚೆನ್ನಾಗಿ ಬರುತ್ತವೆ, ಕೆಂಪು ನೀಹಾರಿಕೆಗಳು ಸಪ್ಪೆಯಾಗುತ್ತವೆ. ಆ ಫಿಲ್ಟರ್ ತೆಗೆಸಿದ ಕ್ಯಾಮೆರಾಗಳೂ ಇವೆ.

ಮುಂದಿನ ಮೆಟ್ಟಿಲು ತಂಪು ಮಾಡುವ ಖಗೋಳ ಕ್ಯಾಮೆರಾ. ಸೆನ್ಸರನ್ನು ಮೈನಸ್ 10 ಡಿಗ್ರಿಯಂಥ ಒಂದೇ ತಾಪಮಾನದಲ್ಲಿ ಹಿಡಿದಿಡುವುದು ಇದರ ದೊಡ್ಡ ಲಾಭ. ಬಿಸಿಯಿಂದ ಬರುವ ನಾಯ್ಸ್ (ಚಿತ್ರದಲ್ಲಿ ಕಾಣುವ ಕಾಳು ಕಾಳು ಚುಕ್ಕೆಗಳು) ಕಡಿಮೆಯಾಗುತ್ತದೆ. ಮುಚ್ಚಳ ಹಾಕಿ ಒಮ್ಮೆ ತೆಗೆದ ಡಾರ್ಕ್ ಫ್ರೇಮ್‌ಗಳು ತಿಂಗಳುಗಟ್ಟಲೆ ಬಳಕೆಗೆ ಬರುತ್ತವೆ. ಬಣ್ಣದ ಸೆನ್ಸರ್ ಬೇಕೋ, ಕಪ್ಪು-ಬಿಳುಪು ಬೇಕೋ? ಕಪ್ಪು-ಬಿಳುಪಿನಲ್ಲಿ ಗುಣಮಟ್ಟ ಮೇಲು, ಆದರೆ ಫಿಲ್ಟರ್ ಚಕ್ರ, ಹಲವು ಫಿಲ್ಟರ್, ಹೆಚ್ಚು ಸ್ಪಷ್ಟ ರಾತ್ರಿಗಳು ಬೇಕು. ಹಿತ್ತಲಲ್ಲಿ ಮೊದಲ ಕ್ಯಾಮೆರಾ ಬಣ್ಣದ್ದೇ ಇರಲಿ.

ಪಿಕ್ಸೆಲ್ ಲೆಕ್ಕವನ್ನು ಇಲ್ಲಿ ಇನ್ನೊಮ್ಮೆ ಮಾಡಿ. ಹರಿಯುವ ನೀರಿನ ತಳದಲ್ಲಿರುವ ನಾಣ್ಯದ ಹಾಗೆ, ವಾತಾವರಣದ ಮೂಲಕ ಕಾಣುವ ನಕ್ಷತ್ರ ಸದಾ ನಡುಗುತ್ತಿರುತ್ತದೆ. ಮಾಮೂಲಿ ರಾತ್ರಿಗಳಲ್ಲಿ ಅದು 2ರಿಂದ 4 ಆರ್ಕ್ ಸೆಕೆಂಡ್ ಅಗಲಕ್ಕೆ ಹರಡಿಕೊಳ್ಳುತ್ತದೆ. ಹಾಗಾಗಿ ಒಂದು ಪಿಕ್ಸೆಲ್‌ಗೆ 1ರಿಂದ 2.5 ಆರ್ಕ್ ಸೆಕೆಂಡ್ ಬರುವ ಜೋಡಿ ಹಿತ್ತಲಿಗೆ ಚೆನ್ನಾಗಿ ಹೊಂದುತ್ತದೆ. 0.4 ಆರ್ಕ್ ಸೆಕೆಂಡಿಗೆ ಇಳಿದರೆ ವಿವರ ಹೆಚ್ಚುವುದಿಲ್ಲ, ಮಸುಕು ಮಾತ್ರ ದೊಡ್ಡದಾಗುತ್ತದೆ.

ಹೆಜ್ಜೆ 5: ಸಣ್ಣ ಸಾಮಾನುಗಳು

ಗೈಡಿಂಗ್ ಅಂದರೆ ಮೌಂಟಿನ ತಪ್ಪನ್ನು ಆಗಿಂದಾಗಲೇ ತಿದ್ದುವುದು. ಸಣ್ಣ ಗೈಡ್ ಸ್ಕೋಪ್‌ನಲ್ಲಿ ಇನ್ನೊಂದು ಪುಟ್ಟ ಕ್ಯಾಮೆರಾ ನಕ್ಷತ್ರಗಳನ್ನು ನೋಡುತ್ತಿರುತ್ತದೆ. ಅವು ಸರಿದರೆ ಮೌಂಟಿಗೆ ಸೂಚನೆ ಹೋಗುತ್ತದೆ. ಪಿಎಚ್‌ಡಿ2 ಎಂಬ ಉಚಿತ ತಂತ್ರಾಂಶ ಇದಕ್ಕೆ ಹೆಸರುವಾಸಿ. ದೊಡ್ಡ ಟೆಲಿಸ್ಕೋಪಿಗೆ ಹೋಗುವ ಮೊದಲು ಇದನ್ನು ಕೊಳ್ಳಿ.

ಬಾಹ್ಟಿನೋವ್ ಮಾಸ್ಕ್ ತಪ್ಪದೆ ಇಟ್ಟುಕೊಳ್ಳಿ. ಗೀರುಗಳಿರುವ ಒಂದು ತಟ್ಟೆ ಅಷ್ಟೇ. ಟೆಲಿಸ್ಕೋಪಿನ ಬಾಯಿಗೆ ಇಟ್ಟರೆ ಹೊಳೆಯುವ ನಕ್ಷತ್ರದ ಸುತ್ತ ಮೂರು ಗೆರೆ ಮೂಡುತ್ತವೆ. ನಡುವಿನ ಗೆರೆ ಸರಿಯಾಗಿ ಮಧ್ಯಕ್ಕೆ ಬಂದಾಗ ಫೋಕಸ್ ಸಿಕ್ಕಿತು ಅಂತ ಅರ್ಥ. ಇಬ್ಬನಿ ಬೀಳುವ ರಾತ್ರಿಗಳಿಗೆ ಲೆನ್ಸ್ ಸುತ್ತ ಕಟ್ಟುವ ಡ್ಯೂ ಹೀಟರ್ ಪಟ್ಟಿ ಬೇಕು. ಹೊರಗೆ ಇಡೀ ರಾತ್ರಿ ಬಾಳುವ ವಿದ್ಯುತ್ ವ್ಯವಸ್ಥೆಯೂ ಬೇಕು, ಅದು ಒದ್ದೆಯಾಗದಂತೆ ನೋಡಿಕೊಳ್ಳಿ.

ಸೂರ್ಯನ ಫೋಟೋ ಆಸೆ ಇದ್ದವರಿಗೆ ಒಂದು ಕಟ್ಟುನಿಟ್ಟಿನ ಮಾತು. ಸೋಲಾರ್ ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಯನ್ನು ಪೂರ್ತಿ ಮುಚ್ಚಬೇಕು, ಗಾಳಿಗೆ ಕಳಚದಂತೆ ಭದ್ರವಾಗಿರಬೇಕು. ಐಪೀಸ್‌ಗೆ ತಿರುಗಿಸಿ ಹಾಕುವ ಸೋಲಾರ್ ಫಿಲ್ಟರ್ ಎಲ್ಲಾದರೂ ಸಿಕ್ಕರೆ ಬಿಸಾಡಿ. ಅದು ಬಿಸಿಗೆ ಒಡೆದರೆ ಕಣ್ಣು ಹೋಗುತ್ತದೆ.

ಹೆಜ್ಜೆ 6: ನಿಮ್ಮ ಆಕಾಶವನ್ನು ಅರಿಯಿರಿ

ಜಾನ್ ಬಾರ್ಟಲ್ 2001ರಲ್ಲಿ ಕೊಟ್ಟ ಅಳತೆಯಲ್ಲಿ 1 ಅಂದರೆ ಅತಿ ಕತ್ತಲ ಆಕಾಶ, 9 ಅಂದರೆ ದೊಡ್ಡ ನಗರದ ನಡುವಿನ ಆಕಾಶ. ನಿಮ್ಮ ಹಿತ್ತಲು 7 ಅಥವಾ 8 ಇದ್ದರೆ ನಿರಾಸೆ ಬೇಡ. ಗುರಿ ಬದಲಿಸಿ. ಅನಿಲದ ನೀಹಾರಿಕೆಗಳ ಬೆಳಕು ಕೆಲವೇ ತರಂಗಗಳಲ್ಲಿ ಬರುತ್ತದೆ: ಹೈಡ್ರೋಜನ್‌ನ 656.3, ಆಮ್ಲಜನಕದ 500.7 ನ್ಯಾನೊಮೀಟರ್. ಈ ಎರಡನ್ನಷ್ಟೇ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಹಾಕಿದರೆ ಬೀದಿ ದೀಪದ ಬೆಳಕಿನ ಬಹುಪಾಲು ಹೊರಗೇ ಉಳಿಯುತ್ತದೆ. ನಗರದಿಂದಲೇ ಅದ್ಭುತ ಚಿತ್ರಗಳು ಬರುತ್ತವೆ.

ಗ್ಯಾಲಕ್ಸಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಅವುಗಳ ಬೆಳಕು ನಕ್ಷತ್ರಗಳದ್ದು, ಎಲ್ಲ ತರಂಗಗಳಲ್ಲೂ ಹರಡಿರುತ್ತದೆ. ಎಲ್ಇಡಿ ದೀಪದ ಬೆಳಕೂ ಹಾಗೇ ಹರಡಿರುವುದರಿಂದ, ಸೋಡಿಯಂ ದೀಪಗಳ ಕಾಲದ ಫಿಲ್ಟರ್‌ಗಳು ಈಗ ಮೊದಲಿನಷ್ಟು ನೆರವಾಗುವುದಿಲ್ಲ. ಗ್ಯಾಲಕ್ಸಿಗಳನ್ನು ಚಂದ್ರ ಇಲ್ಲದ ರಾತ್ರಿಗೆ, ಅವು ನೆತ್ತಿಯ ಹತ್ತಿರ ಇರುವ ಹೊತ್ತಿಗೆ ಮೀಸಲಿಡಿ.

ಹೆಜ್ಜೆ 7: ರಾತ್ರಿಯ ಕೆಲಸ, ಸಾಲಾಗಿ

1. ಕತ್ತಲಾಗುವ ಮೊದಲೇ ಎಲ್ಲವನ್ನೂ ಹೊರಗಿಡಿ. ಟೆಲಿಸ್ಕೋಪ್ ಹೊರಗಿನ ತಾಪಮಾನಕ್ಕೆ ಇಳಿಯಬೇಕು. ಟ್ರೈಪಾಡ್ ಗಟ್ಟಿ ನೆಲದ ಮೇಲಿರಲಿ, ಕಾಲುಗಳನ್ನು ಜಾಸ್ತಿ ಎತ್ತರಿಸಬೇಡಿ.

2. ಕ್ಯಾಮೆರಾ, ಕೇಬಲ್ ಎಲ್ಲ ಹಾಕಿದ ಮೇಲೆ ಎರಡೂ ಅಕ್ಷಗಳ ಸಮತೋಲ ನೋಡಿ.

3. ಪೋಲಾರ್ ಅಲೈನ್‌ಮೆಂಟ್ ಮಾಡಿ, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿ ಮಾಡಿ. ಉತ್ತರಾರ್ಧ ಗೋಳದಲ್ಲಿ ಧ್ರುವ ನಕ್ಷತ್ರ ನೆರವಿಗಿದೆ. ಆದರೆ ಅದು ನಿಜವಾದ ಧ್ರುವದಿಂದ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ದೂರ ಇದೆ. ಅದಕ್ಕೇ ಪೋಲಾರ್ ಸ್ಕೋಪಿನ (ಮೌಂಟಿನ ಅಕ್ಷದೊಳಗಿನ ಪುಟ್ಟ ದುರ್ಬೀನು) ವೃತ್ತದಲ್ಲಿ ಆ ಹೊತ್ತಿನ ಸರಿಯಾದ ಜಾಗದಲ್ಲಿ ಅದನ್ನು ಕೂರಿಸಬೇಕು. ದಕ್ಷಿಣದಲ್ಲಿ ಧ್ರುವದ ಹತ್ತಿರವಿರುವ ಸಿಗ್ಮಾ ಆಕ್ಟಾಂಟಿಸ್ ನಕ್ಷತ್ರ ತುಂಬ ಮಂಕು, ಅಲ್ಲಿ ಕ್ಯಾಮೆರಾ ನೆರವಿನ ತಂತ್ರಾಂಶವೇ ಸುಲಭ.

4. ಮಾಸ್ಕ್ ಹಾಕಿ ಫೋಕಸ್ ಮಾಡಿ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುತ್ತದೆ, ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆ ನೋಡಿ. ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ.

5. ಗುರಿಯನ್ನು ಚೌಕಟ್ಟಿಗೆ ತಂದು ಗೈಡಿಂಗ್ ಶುರು ಮಾಡಿ.

6. ಕ್ಯಾಮೆರಾ ಸಂಸ್ಕರಿಸದ ರಾ ಕಡತದಲ್ಲಿ ಒಂದು ಪರೀಕ್ಷಾ ಫ್ರೇಮ್ ತೆಗೆಯಿರಿ. ಹಿಸ್ಟೋಗ್ರಾಮ್‌ನ (ಕಪ್ಪಿನಿಂದ ಬಿಳುಪಿನವರೆಗೆ ಪಿಕ್ಸೆಲ್ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ಎಡ ಅಂಚಿನಿಂದ ಬಿಡಿಸಿಕೊಂಡು ಕಾಲು ಭಾಗದ ಹತ್ತಿರ ಬಂದರೆ ಸಾಕು. ಬೆಳಕು ಜಾಸ್ತಿ ಇರುವ ಹಿತ್ತಲಲ್ಲಿ ಅದಕ್ಕೆ 30 ಸೆಕೆಂಡ್ ಸಾಕಾಗಬಹುದು, ಡ್ಯುಯಲ್ ಬ್ಯಾಂಡ್ ಫಿಲ್ಟರ್ ಜೊತೆ ಐದು ನಿಮಿಷ ಬೇಕಾಗಬಹುದು.

7. ಇನ್ನು ಬಿಡದೆ ಫ್ರೇಮ್ ತೆಗೆಯುತ್ತಿರಿ.

8. ಕೊನೆಗೆ ಕ್ಯಾಲಿಬ್ರೇಶನ್ ಫ್ರೇಮ್‌ಗಳು. ಅದೇ ಎಕ್ಸ್‌ಪೋಶರ್, ಅದೇ ತಾಪಮಾನದಲ್ಲಿ ಮುಚ್ಚಳ ಹಾಕಿ ತೆಗೆದವು ಡಾರ್ಕ್. ಫೋಕಸ್, ಕ್ಯಾಮೆರಾ ಯಾವುದನ್ನೂ ಅಲುಗಿಸದೆ ಸಮನಾದ ಬಿಳಿ ಬೆಳಕಿಗೆ ಹಿಡಿದು ತೆಗೆದವು ಫ್ಲಾಟ್. ಧೂಳಿನ ಕಲೆ, ಮೂಲೆಗಳ ಕಪ್ಪು ಹೋಗುವುದು ಫ್ಲಾಟ್‌ಗಳಿಂದಲೇ. ಎಷ್ಟೇ ನಿದ್ದೆ ಬಂದರೂ ಇವನ್ನು ಬಿಡಬೇಡಿ.

ಇಷ್ಟೆಲ್ಲ ಜೋಡಣೆ ಬೇಡ ಅನ್ನುವವರಿಗೆ ಈಗ ಸ್ಮಾರ್ಟ್ ಟೆಲಿಸ್ಕೋಪ್‌ಗಳಿವೆ. ಟೆಲಿಸ್ಕೋಪ್, ಕ್ಯಾಮೆರಾ, ಮೌಂಟ್, ಕಂಪ್ಯೂಟರ್ ಎಲ್ಲ ಒಂದೇ ಡಬ್ಬಿಯಲ್ಲಿ. ಫೋನಿನಲ್ಲಿ ಗುರಿ ಮುಟ್ಟಿದರೆ ಚಿತ್ರ ಕಣ್ಣ ಮುಂದೆ ಬೆಳೆಯುತ್ತದೆ. ಮಕ್ಕಳಿಗೆ, ಬಿಡುವು ಕಡಿಮೆ ಇರುವವರಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಆದರೆ ಮುಂದೆ ಕ್ಯಾಮೆರಾ ಅಥವಾ ಲೆನ್ಸ್ ಬದಲಿಸಲು ಆಗುವುದಿಲ್ಲ.

ಹೆಜ್ಜೆ 8: ಕೂಡಿಸುವುದು

ಒಂದೊಂದೇ ಫ್ರೇಮ್ ನೋಡಿದರೆ ಬೇಸರವಾಗುತ್ತದೆ, ಏನೂ ಕಾಣುವುದಿಲ್ಲ. ಸ್ಟ್ಯಾಕಿಂಗ್ ಮಾಡಿದಾಗ ಗ್ಯಾಲಕ್ಸಿಯ ಬೆಳಕು ಎಲ್ಲ ಫ್ರೇಮ್‌ಗಳಲ್ಲೂ ಒಂದೇ ಜಾಗದಲ್ಲಿ ಸೇರಿಕೊಳ್ಳುತ್ತದೆ. ನಾಯ್ಸ್ ಮಾತ್ರ ಒಂದೊಂದರಲ್ಲಿ ಒಂದೊಂದು ರೀತಿ ಇರುವುದರಿಂದ ಅಡಗುತ್ತಾ ಹೋಗುತ್ತದೆ. ಚಿತ್ರದ ಗುಣಮಟ್ಟ ಒಟ್ಟು ಸಮಯದ ವರ್ಗಮೂಲದಂತೆ ಏರುತ್ತದೆ. ಎರಡು ಪಟ್ಟು ಸ್ವಚ್ಛವಾದ ಚಿತ್ರಕ್ಕೆ ನಾಲ್ಕು ಪಟ್ಟು ಸಮಯ ಬೇಕು. ಒಂದೇ ರಾತ್ರಿ ಹತ್ತು ಗುರಿಗಳಿಗೆ ಸುಮ್ನೆ ಓಡಾಡುವ ಬದಲು ಒಂದೇ ಗುರಿಗೆ ಅಂಟಿಕೊಳ್ಳಿ ಅನ್ನುವುದು ಇದಕ್ಕೇ.

ಡೀಪ್‌ಸ್ಕೈಸ್ಟ್ಯಾಕರ್ ಮತ್ತು ಸಿರಿಲ್ ಎರಡೂ ಉಚಿತ. ಗ್ರಹಗಳ ವಿಡಿಯೋಗೆ ಆಟೋಸ್ಟ್ಯಾಕರ್ಟ್ ಇದೆ. ಕೂಡಿಸಿದ ಚಿತ್ರ ಮೊದಲು ಕಪ್ಪಗೇ ಕಾಣುತ್ತದೆ, ಗಾಬರಿ ಬೇಡ. ಅಂಚು ಕತ್ತರಿಸಿ, ನಗರದ ಬೆಳಕಿನ ಏರಿಳಿತ ತೆಗೆದು, ಬಣ್ಣ ಸರಿಮಾಡಿ, ಆಮೇಲೆ ಸ್ಟ್ರೆಚ್ ಮಾಡಿ, ಅಂದರೆ ಮಬ್ಬು ಭಾಗಗಳನ್ನು ಬೆಳಗಿಸಿ. ಈ ಕ್ರಮ ತಪ್ಪಿಸಬೇಡಿ. ಮೊದಲೇ ಸ್ಟ್ರೆಚ್ ಮಾಡಿದರೆ ಬೆಳಕಿನ ಏರಿಳಿತವೂ ಹಿಗ್ಗಿ, ತೆಗೆಯುವುದು ಕಷ್ಟವಾಗುತ್ತದೆ. ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಬೇಡಿ. ಗ್ಯಾಲಕ್ಸಿಯ ಹೊರ ತೋಳುಗಳು, ನೀಹಾರಿಕೆಯ ತೆಳು ಪರದೆಗಳು ಇರುವುದು ಆ ಮಬ್ಬಿನಲ್ಲೇ.

ಮೂಲ ರಾ ಫ್ರೇಮ್‌ಗಳನ್ನು ಅಳಿಸಬೇಡಿ. ಫ್ಲಾಟ್, ಡಾರ್ಕ್‌ಗಳ ಜೊತೆ ದಿನಾಂಕ, ಎಕ್ಸ್‌ಪೋಶರ್, ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಮಟ್ಟ), ಫಿಲ್ಟರ್ ಹೆಸರು ಬರೆದು ಇಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಗುರಿ ಮತ್ತೆ ಮೇಲೆ ಬಂದಾಗ ಹೊಸ ಫ್ರೇಮ್‌ಗಳನ್ನು ಹಳೆಯದಕ್ಕೆ ಸೇರಿಸಬಹುದು.